ಪಂಚೆ ಸಮೇತ ಹಾರಿದ ಸಂಡಿಗೆ

ಭದ್ರಾವತಿ, ಶುಕ್ರವಾರ

ಅವ್ವನಿಗೆ ದಾಕ್ಷಾಯಣಿಯ ಶರಣು.

ನಮ್ಮ ಚಳ್ಳಕೆರೆಯಲ್ಲಿ ಬಿಸಿಲೆಂದರೆ ಬಿಸಿಲು. ಇಲ್ಲಿ ಮಧ್ಯಾಹ್ನ ತಲೆ ಸುಡುತ್ತದೆ, ಸಂಜೆ ಗುಡುಗುತ್ತದೆ, ಮರುದಿನ ಮತ್ತೆ ಸುಡುತ್ತದೆ. ಮಂಗಳವಾರ ರೇಡಿಯೋದಲ್ಲೂ ಅದನ್ನೇ ಹೇಳಿದರು: ಸಂಜೆ ಗಾಳಿ, ಗುಡುಗು, ಮಾರನೆಯ ದಿನದಿಂದ ಪುನಃ ಬಿಸಿಲು. ಅತ್ತೆ ಕೇಳಬೇಕಲ್ಲ. "ಬೆಂಗಳೂರಲ್ಲಿ ಕೂತೋರಿಗೆ ನಮ್ಮೂರ ಮೋಡ ಏನ್ ಗೊತ್ತು ಮಾರಾಯ್ತಿ" ಎಂದು ಮಾವನವರ ಕೆಂಪಂಚಿನ ಪಂಚೆಯನ್ನು ಅಂಗಳದಲ್ಲಿ ಹಾಸಿ, ಅದರ ತುಂಬ ಅಕ್ಕಿ ಸಂಡಿಗೆ ಇಟ್ಟರು. ಸಂಜೆ ಎದ್ದ ಗಾಳಿ ಪಂಚೆಯನ್ನು ಸಂಡಿಗೆ ಸಮೇತ ಎತ್ತಿಕೊಂಡು ಹೋಯಿತು. ಮಳೆ ಮಾತ್ರ ನಾಲ್ಕು ಹನಿ ಉದುರಿಸಿ ಸುಮ್ಮನಾಯಿತು. ಅತ್ತೆ ಎರಡು ದಿನ ರೇಡಿಯೋ ಹಾಕಲು ಬಿಡಲಿಲ್ಲ.

ಇವತ್ತು ಕ್ವಾರ್ಟರ್ಸಿನ ಹಿಂದಿನ ಸಾಲಿನ ಕಮಲಮ್ಮಾಳ್ ಒಂದು ತಟ್ಟೆ ಕರಿದ ಸಂಡಿಗೆ ತಂದರು. ಅತ್ತೆ ಒಳಗಿದ್ದರು. ಕಮಲಮ್ಮಾಳ್ ಬಾಗಿಲಲ್ಲೇ ನನಗೆ ಹೇಳಿದರು: "ಗಾಳಿಗೆ ನಮ್ಮ ಹೆಂಚಿನ ಮೇಲೆ ಬಂದು ಬಿದ್ದಿತ್ತಮ್ಮ. ಅಲ್ಲೇ ಚೆನ್ನಾಗಿ ಒಣಗಿತ್ತು. ಯಾರದು ಗೊತ್ತಾಗ್ಲಿಲ್ಲ, ಅದಕ್ಕೆ ಎಲ್ಲರ ಮನೆಗೂ ಕೊಡ್ತಾ ಇದ್ದೀನಿ."

ತಟ್ಟೆಯನ್ನು ಒಳಗೆ ತಂದಿಟ್ಟೆ. ಅತ್ತೆ ಒಂದನ್ನು ಕಡಿದು ನೋಡಿ, "ಉಪ್ಪು ಜಾಸ್ತಿ. ಸಂಡಿಗೆ ಮಾಡೋದು ಎಲ್ರಿಗೂ ಬರಲ್ಲ ಬಿಡು" ಎಂದರು. ನಾನು ಬಾಯಿ ತುಂಬ ಸಂಡಿಗೆ ತುಂಬಿಕೊಂಡು ನಗು ತಡೆದೆ.

ನನ್ನ ಬೆವರುಸಾಲೆಗೆ ಗಂಧ ತೇಯ್ದು ಹಚ್ಚುತ್ತಿದ್ದೇನೆ, ಯೋಚನೆ ಮಾಡಬೇಡ. ಅಪ್ಪನಿಗೆ ಮಜ್ಜಿಗೆ ಜಾಸ್ತಿ ಕೊಡು.

ಮಾವನವರ ಕೆಂಪಂಚಿನ ಪಂಚೆ ಕಮಲಮ್ಮಾಳ್ ಅವರ ಹಿತ್ತಿಲಲ್ಲಿ ಒಣಗುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ಅತ್ತೆ ಈಗ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೊರಟರು. ಪತ್ರ ಇಲ್ಲಿಗೇ ನಿಲ್ಲಿಸುತ್ತೇನೆ.

ದಾಕ್ಷಾ