ಮನೆದೇವರ ರೊಟ್ಟಿಯ ಕಾಲುಭಾಗ

ನವೆಂಬರ್ 28
ಬೆಳಿಗ್ಗೆ ಮತ್ತೆ ಮೈದಾ ಅಂಟು ಕಾಯಿಸಿದೆ. ಅಂಗಡಿಯ ಗೋಂದು ಲಿಮ್ ನದಿಯ ಮಂಜಿಗೆ ನಿಲ್ಲುವುದಿಲ್ಲ. ಪಕ್ಷದ ಮಹಿಳಾ ಘಟಕದವರು ಬಂದರು, ಕಾಫಿ ಕುಡಿದರು, ಚುನಾವಣೆಯ ಪೋಸ್ಟರ್ ಒಯ್ದರು. ಪೋಸ್ಟರಿನಲ್ಲಿ ನನ್ನ ಮಗ ಮಿಲುಟಿನ್. ಕೆಳಗೆ, 'ಸೆರ್ಬ್ ನೆಲ ಮಾರಾಟಕ್ಕಿಲ್ಲ.' ನನ್ನ ಯಜಮಾನರು ವುಕೋಮನ್ ಬರೆದ ಸಾಲು. ಪಕ್ಷ ಹುಟ್ಟಿದ್ದೇ ಈ ಅಡುಗೆಮನೆಯಲ್ಲಿ. ಅವರು ತೀರಿಕೊಂಡ ಮೇಲೂ ಸಭೆ ಇಲ್ಲೇ. ಬೇರೆ ಕಡೆ ಮಾಡಲು ನಾನು ಬಿಟ್ಟಿಲ್ಲ.

ಡಿಸೆಂಬರ್ 4, ಸಂಜೆ
ಪಟ್ಟಣಸಭೆಯಲ್ಲಿ ನಮಗೆ ಬಹುಮತ ಬರಲಿಲ್ಲ. ಮಿಲುಟಿನ್ ಬಂದ. ಕೋಟು ಬಿಚ್ಚಲಿಲ್ಲ. ಶೆಫ್ಕೆಟನ ಜೊತೆ ಮೈತ್ರಿಯಂತೆ... ಸೇತುವೆಯಾಚೆಯ ಕ್ಷೌರಿಕ ಶೆಫ್ಕೆಟ್, ಬೋಸ್ನಿಯಾಕ್ ಮುಸ್ಲಿಮರ ಪಕ್ಷದ ಅಧ್ಯಕ್ಷ.
"ಮೊನ್ನೆವರೆಗೂ ಮೈಕಿನಲ್ಲಿ ಅವನನ್ನೇ ಬೈತಿದ್ದೆಯಲ್ಲೋ."
"ಅವನೂ ನನ್ನ ಬೈದ. ಈಗ ಇಬ್ಬರಿಗೂ ಗಂಟಲು ಕಟ್ಟಿದೆ, ಅಮ್ಮ. ಪಟ್ಟಣಸಭೆ ನಡೀಬೇಕಲ್ಲ."
"ನಿಮ್ಮಪ್ಪ ಇದ್ದಿದ್ರೆ?"
"ಅಪ್ಪ ಒಂದು ಸಲನೂ ಗೆಲ್ಲಲಿಲ್ಲ."
ಆ ಮಾತು ತಡೆಯಲಾಗಲಿಲ್ಲ. ಹೊಸ್ತಿಲು ತುಳಿಯಬೇಡ ಎಂದೆ. ಹೋದ. ಬಾಗಿಲು ಮೆಲ್ಲಗೆ ಹಾಕಿಕೊಂಡು ಹೋದ... ಬಡಿದಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ 11
ಘಟಕದವರು ಬರಲಿಲ್ಲ. ಸಭೆ ಈಗ ಮಿಲುಟಿನ್ ಮನೆಯಲ್ಲಂತೆ. ಕಾಫಿ ಹೆಚ್ಚು ಮಾಡಿದ್ದೆ. ಚೆಲ್ಲಿದೆ.

ಡಿಸೆಂಬರ್ 18
ನಾಳೆ ಸಂತ ನಿಕೋಲಾನ ದಿನ, ನಮ್ಮ ಮನೆದೇವರು. ಹಿಟ್ಟು ನಾದಿ ಉಬ್ಬಲು ಇಟ್ಟೆ. ಪಾದ್ರಿಯ ಜೊತೆ ರೊಟ್ಟಿ ಹಿಡಿದು ತಿರುಗಿಸಿ ಮುರಿಯಲು ಮನೆಯ ಗಂಡಸು ಬೇಕು. ಅವನು ಬರುತ್ತಾನೋ ಇಲ್ಲವೋ. ಫೋನು ಮಾಡುವ ಹಾಗಿಲ್ಲ. ಮನೆದೇವರ ದಿನಕ್ಕೆ ನಮ್ಮಲ್ಲಿ ಯಾರನ್ನೂ ಕರೆಯುವುದಿಲ್ಲ. ಬರುವವರು ತಾವಾಗಿ ಬರಬೇಕು. ಕರೆದರೆ ಪದ್ಧತಿ ಕೆಟ್ಟಿತು.
ನನ್ನ ಮಾನವೂ — ಅದು ಬೇರೆ ಮಾತು.

ಡಿಸೆಂಬರ್ 19
ಮೇಣದಬತ್ತಿ ಹಚ್ಚಿದೆ. ಉದ್ದನೆಯ ಮೇಜಿನ ತುಂಬ ತಟ್ಟೆ. ಪಾದ್ರಿ ಬಂದು ಕೂತರು. ಗಡಿಯಾರ ನೋಡಿದರು. ನಾನು ನೋಡಲಿಲ್ಲ.
ಬಾಗಿಲು ಸದ್ದಾಯಿತು. ಶೆಫ್ಕೆಟ್. ಕೈಯಲ್ಲಿ ಕಾಫಿಪುಡಿ, ಸಕ್ಕರೆ.
"ನಿಮ್ಮನ್ನ ಕರೆದವರು ಯಾರು?"
"ಯಾರೂ ಇಲ್ಲ, ಸ್ಟಾಮೆನಕ್ಕ. ನಿಮ್ಮಲ್ಲಿ ಕರೆಯೋದಿಲ್ಲವಲ್ಲ. ವುಕೋಮನ್ ಇದ್ದಾಗಲೂ ಹೀಗೇ ಬರ್ತಿದ್ದೆ. ಬೈಕೊಂಡೇ ಬಡಿಸೋನು."
"ಉಪವಾಸದ ಊಟ. ಮೀನು, ಬೀನ್ಸ್ ಕಾಳು ಅಷ್ಟೇ."
"ಅದಕ್ಕೇ ನಿಮ್ಮ ನಿಕೋಲಾ ಅಂದ್ರೆ ನನಗಿಷ್ಟ. ಬೇರೆ ಸಂತರೆಲ್ಲ ಹಂದಿ ಬಡಿಸ್ತಾರೆ."
ನಗು ಬಂತು. ತೋರಿಸಲಿಲ್ಲ. ಬಡಿಸಿದೆ.
ಆಮೇಲೆ ಮಿಲುಟಿನ್. ಹೊಸ್ತಿಲಾಚೆಯೇ ನಿಂತ.
"ಬಾ. ಪಾದ್ರಿಗಳು ಕಾಯ್ತಿದ್ದಾರೆ."
ಒಳಗೆ ಬಂದ. ಅವನೂ ಪಾದ್ರಿಯೂ ರೊಟ್ಟಿ ತಿರುಗಿಸಿ ಮುರಿದರು. ಅವನ ಕೈ ಥೇಟ್ ಅವರಪ್ಪನ ಕೈ. ತಟ್ಟೆ ಮುಂದೆ ಸರಿಸಿದೆ. ಕೂರಲಿಲ್ಲ.
"ಅಮ್ಮ, ನನ್ನ ಕಾಲುಭಾಗ ಕೊಡು."
ಶೆಫ್ಕೆಟ್ ಮೀನು ಮುಟ್ಟದೆ ತಲೆ ತಗ್ಗಿಸಿದ. ಅವನಿಗೂ ಗೊತ್ತು. ಬೇರೆಯಾಗುವ ಮಗ ರೊಟ್ಟಿಯ ಕಾಲುಭಾಗ ಒಯ್ಯುತ್ತಾನೆ. ಮುಂದಿನ ವರ್ಷದಿಂದ ಅವನ ಮನೆದೇವರ ದೀಪ ಅವನ ಮನೆಯಲ್ಲಿ, ನಮ್ಮದು ಇಲ್ಲಿ. ವುಕೋಮನ್ ಕೂಡ ಹೀಗೇ ತಂದಿದ್ದರು, ಮಾವನ ಕೈಯಿಂದ. ಆದರೆ ಮಾವ ತಾವಾಗಿ ಕೊಟ್ಟಿದ್ದು. ಮಗ ಕೇಳಿದ ಮೇಲೆ ಕೊಟ್ಟಿದ್ದಲ್ಲ.
"ಇನ್ನೊಂದು ವರ್ಷ ನಿಲ್ಲೋ" ಎನ್ನಬಹುದಿತ್ತು.
ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. "ಒಣಗಿಸಬೇಡ" ಎಂದೆ. ಅಷ್ಟೇ ಬಂತು ಬಾಯಿಗೆ.

ಡಿಸೆಂಬರ್ 20
ತಟ್ಟೆಗಳು ಹಾಗೇ ಇವೆ, ಹೆಚ್ಚಿನವು ತೊಳೆಯಬೇಕಾಗಿಯೂ ಇಲ್ಲ. ಉಳಿದ ಮುಕ್ಕಾಲು ರೊಟ್ಟಿ ಒಬ್ಬಳಿಗೆ ಬಹಳ.
ಬೆಳಿಗ್ಗೆಯಿಂದ ಒಂದೇ ಯೋಚನೆ. ಮುಂದಿನ ವರ್ಷ ಅವನೂ ಯಾರನ್ನೂ ಕರೆಯುವ ಹಾಗಿಲ್ಲ. ನನ್ನನ್ನೂ. ಹಾಗಾದರೆ ಹೋಗಲು ಅಡ್ಡಿಯಿಲ್ಲ. ಕಾಫಿಪುಡಿ, ಸಕ್ಕರೆ ಹಿಡಿದು ಸುಮ್ಮನೆ ಹೋಗಿ ನಿಂತರಾಯಿತು, ಶೆಫ್ಕೆಟನ ಹಾಗೆ. ಯಾರು ತಡೆದಾರು.
ಆದರೆ ಅದೇ ದಿನ ಇಲ್ಲಿಯ ಮೇಣದಬತ್ತಿ... ಅದು ಉರಿಯುವಾಗ ಮನೆ ಬಿಡಬಾರದು. ನಾನು ಹೋದರೆ ಇಲ್ಲಿ ಯಾರು ಕಾಯುವುದು?