ನೂರ ಇಪ್ಪತ್ತೊಂದು ಕಿಲೋಗೆ ಒಂದು ಜೊತೆ ಶೂ

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೪, ಮಂಗಳವಾರ ಸಂಜೆ

ನಮ್ಮನೆ ಟೀಚರಮ್ಮನಿಗೆ,

ಹೇಗಿದ್ದೀಯೆ? ಕತ್ತು ನೋವು ಕಡಿಮೆಯಾಯಿತೇ? ಹಾಸ್ಟೆಲಿನ ದಿಂಬು ಇಟ್ಟಿಗೆಯ ಹಾಗಿದೆ ಎಂದಿದ್ದೆ. ಇಲ್ಲಿರುವ ನಿನ್ನ ದಿಂಬನ್ನು ಕಳಿಸೋಣವೆಂದು ಎರಡು ಸಲ ಚೀಲಕ್ಕೆ ಹಾಕಿದೆ, ಎರಡು ಸಲವೂ ತೆಗೆದೆ. ಕಳಿಸಿದರೆ ‘ಅಲ್ಲೇ ಇರು’ ಎಂದ ಹಾಗಾಗುತ್ತದೆ, ಕಳಿಸದಿದ್ದರೆ ‘ಕತ್ತು ನೋಯಲಿ ಬಿಡು’ ಎಂದ ಹಾಗೆ. ಸದ್ಯಕ್ಕೆ ಅದು ಮಂಚದ ಮೇಲೇ ಇದೆ. ಮಕ್ಕಳು ಹೇಗಿದ್ದಾರೆ? ಕಿವಿ ಕೇಳದ ಆ ಪುಟಾಣಿಗಳು ನಿನಗೆ ಸನ್ನೆಯಲ್ಲಿ ಒಂದು ಹೆಸರಿಟ್ಟಿದ್ದಾರೆ ಎಂದು ಫೋನಿನಲ್ಲಿ ಹೇಳಿ, ‘ಹೀಗೆ’ ಎಂದು ಮಾಡಿಯೂ ತೋರಿಸಿದೆ. ಫೋನಿನಲ್ಲಿ ಸನ್ನೆ ಎಲ್ಲಿ ಕಾಣುತ್ತದೆ ಮಾರಾಯ್ತಿ! ಚೆನ್ನಾಗಿದೆ ಎಂದುಬಿಟ್ಟೆ. ನಾನು ಆರಾಮಾಗಿದ್ದೇನೆ. ಎಡ ಮೊಣಕೈ ತರಚಿದೆ, ಆ ಸಂಗತಿ ಮುಂದೆ ಬರುತ್ತದೆ, ಗಾಬರಿಯಾಗಬೇಡ.

ಫೋನಿರುವಾಗ ಕಾಗದವೇಕೆ ಎಂದುಕೊಳ್ಳುತ್ತೀಯೆ. ಫೋನಿನಲ್ಲಿ ನಾವು ಮಾತಾಡುವುದು ನಲ್ಲಿ ಸೋರುವ ವಿಷಯ, ಕಬ್ಬಿಣದ ಬೀರುವಿನ ಕೀ ಎಲ್ಲಿದೆ ಎಂಬ ವಿಷಯ, ಅಷ್ಟೇ. ಬೇರೆ ಏನಾದರೂ ಹೇಳೋಣವೆಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಿನ್ನ ಶಾಲೆಯ ಗಂಟೆ ಬಾರಿಸಿರುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ವಿಷಯ ಇಷ್ಟು. ನಾನು ಸೈಕಲ್ ಹೊಡೆಯುತ್ತಿದ್ದೇನೆ. ನಗಬೇಡ. ಹನ್ನೆರಡು ವರ್ಷ ನಿನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಗುಡ್ಡದ ಹಾಗೆ ಕೂತು ಓಡಾಡಿದವನು ಜನವರಿಯಿಂದ ನನ್ನಷ್ಟಕ್ಕೆ ನಾನೇ ಸೈಕಲ್ ತುಳಿಯುತ್ತಿದ್ದೇನೆ. ಹೋಗುವ ದಿನ ಬಾಗಿಲಲ್ಲಿ ನಿಂತು ನೀನೇ ಅಲ್ಲವೇ ಹೇಳಿದ್ದು, “ಬರೋದಾದ್ರೆ ನಿಮ್ಮ ಕಾಲ ಮೇಲೆ ನೀವು ನಿಂತ್ಕೊಂಡು ಬನ್ನಿ” ಅಂತ? ಅದನ್ನು ನಾಲ್ಕು ತಿಂಗಳಿಂದ ತಲೆಯಲ್ಲಿ ಹೊರಳಿಸುತ್ತಿದ್ದೇನೆ. ಸ್ಕೂಟರ್ ನೀನು ಒಯ್ದಿದ್ದರಿಂದ ಹಾಗೆಂದೆಯೋ, ಅಥವಾ ಬೇರೆ ಏನೋ ಅರ್ಥವಿತ್ತೋ? ಅದಕ್ಕೂ ವಾರದ ಮುಂಚೆ, “ಆ ಊರಲ್ಲಿ ಒಂದು ವರ್ಷದ ಕೆಲಸ ಇದೆ, ಹೋಗ್ಲಾ?” ಎಂದು ನೀನು ಕೇಳಿದ್ದೆ. ನಾನು “ನಿನ್ನಿಷ್ಟ” ಎಂದೆ. ದೊಡ್ಡ ಮನಸ್ಸಿನಿಂದ ಹಾಗೆಂದೆ ಎಂದು ನಾನು ತಿಳಿದಿದ್ದೆ. ನಿನ್ನ ಮುಖ ನೋಡಿದರೆ ಹಾಗೆ ಕಾಣಲಿಲ್ಲ. ಬೆಳಗಾಗೆದ್ದು ಬೇರೆಯವರ ತೂಕದ ಯಂತ್ರಗಳನ್ನು ಸರಿಮಾಡುವವನು ನಾನು, ಗೋದಾಮಿನ ಕಾಟಾದಲ್ಲಿ ಹತ್ತು ಗ್ರಾಂ ತಪ್ಪಿದರೂ ಹಿಡಿಯುತ್ತೇನೆ. ಆದರೆ ಮನೆಯೊಳಗೆ ಆಡಿದ ಒಂದು ಮಾತಿನ ತೂಕ ಇವತ್ತಿಗೂ ನನಗೆ ಹತ್ತಿಲ್ಲ.

ಇರಲಿ, ಸೈಕಲ್ಲಿಗೆ ಬರುತ್ತೇನೆ. ಭಾನುವಾರಗಳಲ್ಲಿ ಒಂದು ಗುಂಪು ದೂರದೂರ ಹೋಗುತ್ತದೆ. ಅದರ ಕಾರ್ಯದರ್ಶಿ ಒಬ್ಬ ಹಲ್ಲಿನ ಡಾಕ್ಟರು, ಕಡ್ಡಿಯಂಥ ಹೆಂಗಸು. ನನ್ನನ್ನು ಮೊದಲ ದಿನ ಮೇಲಿಂದ ಕೆಳಗೆ ನೋಡಿ, “ಬ್ರೇಕ್ ಚೆನ್ನಾಗಿದೆ ತಾನೇ?” ಎಂದಷ್ಟೇ ಕೇಳಿದರು. ಈಗ ಐವತ್ತು ಕಿಲೋಮೀಟರ್ ಹೋಗುತ್ತೇನೆ. ಉಸಿರು ಸಾಲುತ್ತದೆ, ಮಂಡಿ ಸಹಕರಿಸುತ್ತದೆ, ಅಂಗಾಲೇ ಆಗುವುದಿಲ್ಲ ಎನ್ನುತ್ತದೆ. ಇಪ್ಪತ್ತು ಕಿಲೋಮೀಟರ್ ದಾಟುತ್ತಲೂ ಹೆಬ್ಬೆರಳಿನ ಬುಡದಲ್ಲಿ ಕೆಂಡ ಇಟ್ಟ ಹಾಗಾಗುತ್ತದೆ, ಆಮೇಲೆ ಬೆರಳುಗಳಿಗೆ ಜೋಮು ಹಿಡಿದು, ಕಾಲು ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಿಕೊಳ್ಳಬೇಕು. ಡಾಕ್ಟರು ನನ್ನ ಬಟ್ಟೆಯ ಶೂ ಬಿಚ್ಚಿಸಿ ರೊಟ್ಟಿಯ ಹಾಗೆ ಎರಡು ಮಡಿಕೆ ಮಡಚಿ ತೋರಿಸಿದರು. ನನ್ನ ಭಾರಕ್ಕೆ ಅದರ ಅಟ್ಟೆ ಪೆಡಲಿನ ಸುತ್ತ ಬಾಗಿ, ಅಷ್ಟೂ ಭಾರ ಅಂಗೈಯಗಲ ಜಾಗದ ಮೇಲೆ ಬೀಳುತ್ತಿದೆಯಂತೆ. “ನಿಮಗೆ ಬಾಗದ ಅಟ್ಟೆಯ ಕ್ಲಿಪ್‌ಲೆಸ್ ಶೂ ಬೇಕು” ಎಂದರು.

ಕ್ಲಿಪ್‌ಲೆಸ್ ಎಂದರೆ ಕ್ಲಿಪ್ ಇಲ್ಲದ್ದು ತಾನೇ? ಅಲ್ಲವಂತೆ. ಶೂ ಅಡಿಯಲ್ಲಿ ಕ್ಲೀಟ್ ಎಂಬ ಲೋಹದ ತುಂಡಿರುತ್ತದೆ, ಅದು ಟಕ್ಕೆಂದು ಪೆಡಲಿಗೆ ಕಚ್ಚಿಕೊಳ್ಳುತ್ತದೆ, ಬಿಡಿಸಬೇಕಾದರೆ ಹಿಮ್ಮಡಿಯನ್ನು ಹೊರಗೆ ತಿರುಗಿಸಬೇಕು. ಕಚ್ಚಿಕೊಳ್ಳುವುದೇ ಕೆಲಸವಾದ ವಸ್ತುವಿಗೆ ‘ಇಲ್ಲದ್ದು’ ಎಂದು ಹೆಸರಿಟ್ಟವರು ಯಾರೋ. ಡಾಕ್ಟರ ಹಳೆಯ ಪೆಡಲ್ ಹಾಕಿಸಿಕೊಂಡು, ಗುಂಪಿನ ಇನ್ನೊಬ್ಬರ ಶೂ ತೊಟ್ಟು ಒಂದು ಸುತ್ತು ಹೋದೆ. ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು, ಸೈಕಲ್ ನಿಂತಿತು, ಕಾಲು ಮಾತ್ರ ಬರಲಿಲ್ಲ. ಅವಸರವಿಲ್ಲದೆ, ಎಲ್ಲರೂ ನೋಡುತ್ತಿರುವಂತೆ, ಎಡಕ್ಕೆ ವಾಲಿ ಬಿದ್ದೆ. ಔಷಧಿ ಅಂಗಡಿಯವರು ಓಡಿ ಬಂದು, “ಏನ್ ಸಾರ್, ಬೀರು ಉರುಳಿದಂಗೆ ಉರುಳಿದ್ರಲ್ಲ!” ಎಂದು ಎಬ್ಬಿಸಿದರು. ಮೊಣಕೈ ತರಚಿದ್ದು ಹೀಗೆ.

ಶನಿವಾರ ಶೂ ಅಂಗಡಿಗೆ ಹೋದೆ. ಕಾಲು ಸಂಜೆಗೆ ಊದಿಕೊಂಡಿರುತ್ತದೆ, ಆವಾಗಲೇ ಅಳತೆ ಕೊಡಬೇಕು ಎಂದು ಯಾರೋ ಹೇಳಿದ್ದರಿಂದ ಸಂಜೆಯೇ ಹೋದೆ. ಅಂಗಡಿ ನಡೆಸುವಾಕೆ ಹಿಂದೆ ಸೈಕಲ್ ರೇಸಿಗೆ ಹೋಗುತ್ತಿದ್ದವರು. ತೂಕ ಎಷ್ಟು ಎಂದು ಮೆಲ್ಲಗೆ ಕೇಳಿದರು. “ನೂರ ಇಪ್ಪತ್ತೊಂದು ಕಿಲೋ ನಾನ್ನೂರು ಗ್ರಾಂ” ಎಂದೆ. ಅಷ್ಟು ನಿಖರವಾಗಿ ಯಾರೂ ಹೇಳಿರಲಿಲ್ಲವೇನೋ, ಪೆನ್ನು ಹುಡುಕಿಕೊಂಡರು. ಪೆಡಲಿಗೂ ಭಾರದ ಮಿತಿ ಇರುತ್ತದೆ, ನಿಮಗೆ ಸ್ಟೀಲಿನ ಅಚ್ಚಿನದ್ದೇ ಆಗಬೇಕು ಎಂದು ಬರೆದುಕೊಂಡರು. ಆಮೇಲೆ ಮೂರು ಜೊತೆ ಶೂ ತಂದಿಟ್ಟರು. ಒಂದು ನೈಲಾನ್ ಅಟ್ಟೆ, ಒಂದು ಕಾರ್ಬನ್ ಅಟ್ಟೆ, ಇನ್ನೊಂದು ಎರಡರ ಬೆರಕೆ. ಪೆಟ್ಟಿಗೆಯ ಮೇಲೆ ಗಡಸುತನಕ್ಕೆ ಅಂಕ ಬೇರೆ. ಒಂದಕ್ಕೆ ಆರು, ಇನ್ನೊಂದಕ್ಕೆ ಹನ್ನೆರಡು, ಮತ್ತೊಂದಕ್ಕೆ ಒಂಬತ್ತು. ಒಳ್ಳೆಯದಾಯಿತು, ಅಂಕವಿದ್ದರೆ ನನಗೆ ಕಣ್ಣು ಬಂದ ಹಾಗೆ ಎಂದುಕೊಂಡೆ. ಆಗ ಆಕೆ, “ಅದನ್ನ ನಂಬ್ಕೋಬೇಡಿ ಸಾರ್, ಒಂದೊಂದು ಕಂಪನಿದೂ ಒಂದೊಂದು ಲೆಕ್ಕ. ಇವರ ಹತ್ತು, ಅವರ ಹತ್ತು ಒಂದೇ ಅಲ್ಲ” ಎಂದುಬಿಟ್ಟರು. ನನಗೆ ತಲೆ ಗಿರ್ರೆಂದಿತು. ಕಿಲೋ ಎಂದರೆ ಎಲ್ಲ ಕಡೆಯೂ ಕಿಲೋ ಎಂಬ ಒಂದೇ ನಂಬಿಕೆಯ ಮೇಲೆ ಇಪ್ಪತ್ತಾರು ವರ್ಷ ಹೊಟ್ಟೆ ಹೊರೆದವನು ನಾನು!

ಮಾರನೆಯ ದಿನ ಕೆಲಸದ ಚೀಲ ಹೊತ್ತು ಮತ್ತೆ ಹೋದೆ. ಶೂ ಒಂದರ ತುದಿ ಒಂದು ಮರದ ತುಂಡಿನ ಮೇಲೆ, ಹಿಮ್ಮಡಿ ಇನ್ನೊಂದರ ಮೇಲೆ, ನಡುವೆ ಪೆಡಲ್ ಬರುವ ಜಾಗಕ್ಕೆ ಇಪ್ಪತ್ತು ಕಿಲೋದ ಬಟ್ಟು ತೂಗುಹಾಕಿ, ಎಷ್ಟು ಬಾಗುತ್ತದೆಂದು ಮುಳ್ಳಿನ ಗೇಜಿನಲ್ಲಿ ನೋಡಿದೆ. “ಶೂ ಕೊಳ್ಳೋಕ್ ಬಂದ್ರಾ ಸಾರ್, ಮುರಿಯೋಕ್ ಬಂದ್ರಾ?” ಎಂದರು ಆಕೆ. ಆದರೆ ತಡೆಯಲಿಲ್ಲ, ತಾವೂ ಬಗ್ಗಿ ನೋಡಿದರು. ನೈಲಾನು ನಾಲ್ಕು ಮಿಲಿಮೀಟರ್, ಬೆರಕೆಯದು ಎರಡು, ಕಾರ್ಬನ್ನು ಒಂದೂ ಇಲ್ಲ. ಹಾಗಾದರೆ ಕಾರ್ಬನ್ನೇ ಎಂದು ಕಾಲಿಗೆ ಹಾಕಿದೆ. ಕಿರುಬೆರಳು ಕಣ್ಣೀರಿಟ್ಟಿತು. ಒಂದು ಸೈಜು ದೊಡ್ಡದು ಹಾಕಿದರೆ ಅಗಲ ಸರಿಹೋಗುತ್ತದೆ, ಹಿಮ್ಮಡಿ ಒಳಗೆ ಜಾರುತ್ತದೆ. ಅಗಲ ಪಾದದವರಿಗೆಂದೇ ಮಾಡಿದ್ದು ಬೆರಕೆಯದರಲ್ಲಿ ಮಾತ್ರ ಇತ್ತು, ಬೆರಳುಗಳು ಕಾಲು ಚಾಚಿ ಕೂತ ಹಾಗೆ ಕೂತವು. ಆದರೆ ಎರಡು ಮಿಲಿಮೀಟರ್! ಎಡಗಾಲಿಗೆ ಒಂದು, ಬಲಗಾಲಿಗೆ ಒಂದು ಹಾಕಿಕೊಂಡು ಮುಕ್ಕಾಲು ಗಂಟೆ ನಿಂತೆ. ಈಗಲೂ ಬಿಟ್ಟರೆ ಅಲ್ಲೇ ನಿಂತಿರುತ್ತಿದ್ದೆ.

ಕೊನೆಗೆ ಆಕೆ ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು. “ಸಾರ್, ಮಿಲಿಮೀಟರ್ ಆಮೇಲೆ. ಎಲ್ಲಿಗೆ ಹೋಗ್ಬೇಕು, ಹೋದ ಮೇಲೆ ಏನ್ ಮಾಡ್ಬೇಕು, ಅದು ಹೇಳಿ. ಇಳಿದು ನಡಿಯೋದಿದ್ಯಾ?” ಎಂದರು. “ಎಪ್ಪತ್ತೆರಡು ಕಿಲೋಮೀಟರ್” ಎಂದೆ. “ನಡಿಬೇಕಾ?” ಎಂದು ಮತ್ತೆ ಕೇಳಿದರು. “ಗೊತ್ತಿಲ್ಲಮ್ಮ. ಒಳಗೆ ಕರೆದ್ರೆ ನಡಿಬೇಕು. ಇಲ್ಲಾಂದ್ರೆ ಹಾಗೇ ತಿರುಗಿಸ್ಕೊಂಡು ಬರೋದು” ಎಂದೆ. ಯಾಕೋ ದನಿ ಸಣ್ಣಗಾಯಿತು. ಆಕೆ ಬೆರಕೆ ಅಟ್ಟೆಯ ಅಗಲದ ಜೊತೆಯನ್ನು ಕೈಗೆ ಕೊಟ್ಟು, “ಇದನ್ನ ತಗೊಳ್ಳಿ. ಇದರ ಕ್ಲೀಟು ಅಟ್ಟೆಯೊಳಗೆ ಹುದುಗಿರುತ್ತೆ, ನೆಲದ ಮೇಲೆ ನಡಿಯೋಕಾಗುತ್ತೆ. ನಡಿಯೋ ಹಾಗಾದ್ರೆ ಜಾರಬಾರದು ನೋಡಿ” ಎಂದರು. ಕ್ಲೀಟನ್ನು ಆದಷ್ಟು ಹಿಂದಕ್ಕೆ, ಪಾದದ ನಡುವಿನ ಕಡೆಗೆ ಸರಿಸಿ ಬಿಗಿದುಕೊಟ್ಟರು. ನಿನ್ನೆ ಬೆಳಿಗ್ಗೆ ನಲವತ್ತು ಕಿಲೋಮೀಟರ್ ಹೋಗಿ ಬಂದೆ. ಕೆಂಡವಿಲ್ಲ, ಜೋಮಿಲ್ಲ. ಎರಡು ಮಿಲಿಮೀಟರ್ ಬಾಗಿಯೂ ಹೇಗೆ ಸರಿಹೋಯಿತು ಎಂಬುದು ಮಾತ್ರ ಅರ್ಥವಾಗುತ್ತಿಲ್ಲ. ಅರ್ಥವಾಗದ ವಿಷಯಗಳು ಈಚೆಗೆ ಹೆಚ್ಚಾಗಿವೆ. ಡಿಸೆಂಬರಿನಲ್ಲಿ ಒಂದು ದಿನ ಬಂದು ಬೆಚ್ಚನೆಯ ಬಟ್ಟೆಗಳನ್ನೆಲ್ಲ ಒಯ್ದೆ, ಹೊಲಿಗೆ ಯಂತ್ರ ಬಿಟ್ಟು ಹೋದೆ. ಬಿಟ್ಟೇ ಹೋಗುವವರು ಹೊಲಿಗೆ ಯಂತ್ರ ಬಿಟ್ಟು ಹೋಗುತ್ತಾರೆಯೇ? ಭಾರವೆಂದು ಬಿಟ್ಟೆಯೋ? ಧೂಳು ಕೂರದ ಹಾಗೆ ಹೊದಿಕೆ ಹಾಕಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿಸಿನೀರಿನ ಚೀಲ ಕತ್ತಿಗಿಟ್ಟುಕೊಂಡು ಮಲಗು. ಮಕ್ಕಳಿಗೆಲ್ಲ ನನ್ನ ಪ್ರೀತಿ, ಅದನ್ನು ಸನ್ನೆಯಲ್ಲಿ ಹೇಗೆ ಹೇಳುತ್ತಾರೋ ಹಾಗೆ ಹೇಳಿಬಿಡು.

ನಿನ್ನ
‘ರೀ’

ತಾ.ಕ.: ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತೂ ತಳ್ಳಿಕೊಂಡು ಬಂದೆ. ಹದಿನಾರನೇ ತಾರೀಕಿನ ಭಾನುವಾರ ನಮ್ಮ ಗುಂಪು ಹೊರಡುವುದು ನಿಮ್ಮ ಊರಿಗೇ, ನಿಲ್ಲುವುದು ನಿನ್ನ ಶಾಲೆಯಿಂದ ಎರಡು ಬೀದಿ ಆಚೆ. ಬಸ್ಸಿದೆ, ನನಗೂ ಗೊತ್ತು. ಬಸ್ಸಿನಲ್ಲಿ ಬಂದರೆ ಮತ್ತೆ ಯಾರೋ ಕೂರಿಸಿಕೊಂಡು ಬಂದ ಹಾಗೆಯೇ ಅಲ್ಲವೇ? ಗುಂಪಿನ ಫಾರಮ್ಮಿನಲ್ಲಿ ‘ಏನಾದರೂ ಆದರೆ ಯಾರಿಗೆ ತಿಳಿಸಬೇಕು’ ಎಂಬ ಒಂದು ಕಾಲಮ್ಮಿತ್ತು. ನಿನ್ನ ಹೆಸರು, ನಂಬರು ಬರೆದೆ. ಪಕ್ಕದಲ್ಲಿ ಸಂಬಂಧ ಬರೆಯಲು ಹೋಗಿ ಪೆನ್ನು ನಿಂತಿತು, ಖಾಲಿ ಬಿಟ್ಟು ಕೊಟ್ಟೆ. ಈಗ ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಹಲ್ಲಿನ ಡಾಕ್ಟರು ಫೋನ್ ಮಾಡಿದರು. ಖಾಲಿ ಇತ್ತೆಂದು ಮಧ್ಯಾಹ್ನ ನಿನಗೇ ಫೋನ್ ಮಾಡಿ ಕೇಳಿದರಂತೆ. “‘ನನ್ನ ಗಂಡ’ ಅಂದ್ರು. ‘ಅವರಿಗೆ ಪೆನ್ಸಿಲಿನ್ ಆಗಲ್ಲ, ಅದನ್ನ ಮೇಲ್ಗಡೆ ದಪ್ಪಕ್ಷರದಲ್ಲಿ ಬರ್ಕೊಳ್ಳಿ’ ಅಂದ್ರು. ಫೋನ್ ಇಡೋ ಮುಂಚೆ ‘ಎಷ್ಟು ಗಂಟೆಗೆ ಬರ್ತಾರೆ?’ ಅಂತ ಕೇಳಿದ್ರು” ಎಂದರು ಡಾಕ್ಟರು. ಅವರಿಗೆ ಸರಿಯಾಗಿ ಗೊತ್ತಿರಲಿಲ್ಲವಂತೆ. ಹನ್ನೊಂದೂವರೆಗೆ. ತಡವಾದರೂ ಬರುತ್ತೇನೆ.