ಒಂಬತ್ತು ಗೇಟು, ಒಂದೇ ಜೋಡಿ ಬೂಟು

ಆಸ್ಟ್ರೇಲಿಯಾ ಮತ್ತು ಏಷ್ಯಾದ ಸಮುದಾಯಗಳ ನಡುವೆ ಬಾಂಧವ್ಯ ಬೆಸೆಯುವ ಉದಯೋನ್ಮುಖ ನಾಯಕರ ಯೋಜನೆಯ ನಿರ್ದೇಶಕರಿಗೆ,

ಮಾನ್ಯರೇ,

ನಿಮ್ಮ ಕರಡು ವರದಿಯ ಹದಿನಾಲ್ಕನೇ ಪುಟದಲ್ಲಿ ಒಂದು ಸುಳ್ಳು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದೆ. ‘ತೋಟಗಳ ಗೇಟಿನಲ್ಲಿದ್ದ, ಬೂಟು ತೊಳೆಯುವ ಔಷಧ ನೀರಿನ ತೊಟ್ಟಿಗಳನ್ನು ಸಮುದಾಯದ ನಂಬಿಕೆಗೆ ಮಣಿದು ಯೋಜನೆಯ ನಾಯಕಿ ತೆಗೆಸಿದರು, ಬಳ್ಳಿಗಳಿಗೆ ರೋಗ ಹರಡಲು ಇದೇ ಮುಖ್ಯ ಕಾರಣ.’ ಆ ನಾಯಕಿಯ ಹೆಸರು ಯೆನ್. ವಯಸ್ಸು ಇಪ್ಪತ್ತಾರು. ಬರುವ ಶುಕ್ರವಾರ ಸಂಜೆ ಐದಕ್ಕೆ ವರದಿ ಅಂತಿಮವಾಗುತ್ತದೆ. ಆ ವಾಕ್ಯ ಹಾಗೇ ಉಳಿದರೆ ಇನ್ನು ಐದು ವರ್ಷ ಅವಳು ಬೆಳೆ ಸಲಹೆಗಾರ್ತಿಯಾಗಿ ಯಾರ ತೋಟಕ್ಕೂ ಕಾಲಿಡುವಂತಿಲ್ಲ. ತೊಟ್ಟಿ ತೆಗೆದವಳು ಅವಳಲ್ಲ. ತೆಗೆದವನು ನಾನು. ತೆಗೆಯಿರಿ ಎಂದವರು ನೀವು.

ಹೌದು, ಇದನ್ನು ಹೀಗೆ ಬಹಿರಂಗ ಪತ್ರದಲ್ಲಿ ಬರೆಯದೆ ಪಿಸುಮಾತಿನಲ್ಲಿ, ಮೊಹರು ಮಾಡಿದ ಲಕೋಟೆಯಲ್ಲಿ ತಿಳಿಸಬಹುದಿತ್ತು. ಎರಡು ಸಲ ತಿಳಿಸಿದೆ. ‘ನಿಮ್ಮ ಅನಿಸಿಕೆಯನ್ನು ಸ್ವೀಕರಿಸಲಾಗಿದೆ’ ಎಂಬ ಉತ್ತರ ಎರಡು ಸಲವೂ ಬಂತು. ಅನಿಸಿಕೆ! ಈ ಎರಡು ಕೈಗಳಿಂದ ಎತ್ತಿದ ತೊಟ್ಟಿ ಅನಿಸಿಕೆಯೇ? ಡಾರ್ವಿನ್ ನಗರದ ಆಚೆ, ಈ ಕೆಂಪು ಮಣ್ಣಿನಲ್ಲಿ ನಾನು ಮೂವತ್ತೊಂದು ವರ್ಷದಿಂದ ಹಾಗಲ ಬೆಳೆಯುತ್ತಿದ್ದೇನೆ. ಅದಕ್ಕೂ ಮೊದಲು ಮೆಕಾಂಗ್ ನದಿಯ ಕವಲುಗಳಲ್ಲಿ ದೋಣಿ ಕಟ್ಟಿಕೊಂಡು ಊರೂರು ತಿರುಗುತ್ತಿದ್ದ ನಾಟಕ ಕಂಪನಿಯಲ್ಲಿ ಸೇನಾಪತಿಯ ವೇಷ ಕಟ್ಟುತ್ತಿದ್ದೆ. ದಡದ ಕೊನೆಯ ಸಾಲಿನ ಮುದುಕಿಗೂ ಮಾತು ಮುಟ್ಟಬೇಕಿದ್ದ ಕಾಲ ಅದು. ನಿಮ್ಮ ಕಚೇರಿ ಅದಕ್ಕಿಂತ ದೂರವೇನಲ್ಲ. ಕೇಳಿಸಿಕೊಳ್ಳಿ.

ಆ ತೊಟ್ಟಿಗಳು ಅಲ್ಲಿ ಹೇಗೆ ಬಂದವು ಎಂಬುದನ್ನು ನಿಮ್ಮ ವರದಿ ಒಂದು ಸಾಲಿನಲ್ಲೂ ಹೇಳುವುದಿಲ್ಲ. ಅವನ್ನು ಇಡಿಸಿದವಳೇ ಯೆನ್. ಎರಡು ವರ್ಷ, ಒಂದೊಂದು ತೋಟಕ್ಕೂ ಹತ್ತು ಹತ್ತು ಸಲ ಅಲೆದು, ಬೈಸಿಕೊಂಡು, ಚಹಾ ಕುಡಿದು, ಮತ್ತೆ ಬೈಸಿಕೊಂಡು ಇಡಿಸಿದಳು. ನನ್ನ ಗೇಟಿನಲ್ಲೇ ನಡೆದದ್ದು ಕೇಳಿ.

“ಚಿಕ್ಕಪ್ಪ, ಕಾಲು.”

“ಏನಾಯ್ತೇ ನನ್ನ ಕಾಲಿಗೆ?”

“ಏನೂ ಆಗಿಲ್ಲ. ಅದ್ದಿ.”

“ನನ್ನ ತೋಟಕ್ಕೆ ನಾನು ಹೋಗೋಕೆ ಸ್ನಾನ ಮಾಡ್ಬೇಕೇನೇ?”

“ಪಕ್ಕದ ತೋಟದಲ್ಲಿ ಹರಟೆ ಹೊಡೆದು ಬಂದಿದ್ದೀರಿ. ಅವರ ಮಣ್ಣು ನಿಮ್ಮ ಬೂಟಲ್ಲಿದೆ. ಸೇನಾಪತಿಗಳು ಅದ್ದಬೇಕು, ಇಲ್ಲಾಂದ್ರೆ ನಾನು ಇಲ್ಲೇ ಕೂತ್ಕೋತೀನಿ.”

ಅದ್ದಿದೆ. ನಾನೂ ಸೇರಿ ಒಂಬತ್ತು ತೋಟದ ಮೊಂಡರು ಅದ್ದಿದೆವು. ಎರಡು ವರ್ಷ ಈ ರಸ್ತೆಯಲ್ಲಿ ಒಂದು ಎಲೆಗೂ ಮಚ್ಚೆ ಬೀಳಲಿಲ್ಲ.

ಆಮೇಲೆ ನಿಮ್ಮ ಯೋಜನೆ ಬಂತು. ಯೆನ್ ನಾಯಕಿಯಾಗಿ ಆಯ್ಕೆಯಾದಳು. ಅವಳು ಯೋಚಿಸಿದ್ದು ಸರಳ, ಅದಕ್ಕೇ ಸುಂದರ. ನಮ್ಮ ಹೊಸ ವರ್ಷ ಟೆಟ್‌ನ ಬೆಳಗ್ಗೆ ಮನೆಗೆ ಮೊದಲು ಯಾರು ಕಾಲಿಡುತ್ತಾರೋ ಅವರ ಅದೃಷ್ಟವೇ ಆ ಮನೆಯ ವರ್ಷದ ಅದೃಷ್ಟ. ಹಾಗಾಗಿ ನಾವು ಆ ಅತಿಥಿಯನ್ನು ಅಳೆದು ತೂಗಿ ಆರಿಸುತ್ತೇವೆ. ಈ ಸಲ ಒಂಬತ್ತು ಮನೆಯವರೂ ಬೇಲಿಯಾಚೆಯ ಆಸ್ಟ್ರೇಲಿಯನ್ ನೆರೆಯವರನ್ನು ಕರೆಯಲಿ ಎಂದಳು ಅವಳು. ಒಂದು ಮನೆಗೆ ಒಬ್ಬ ಅತಿಥಿ. ಇಪ್ಪತ್ತು ವರ್ಷ ಟ್ರಾಕ್ಟರಿನಿಂದ ಕೈಬೀಸಿದ್ದು ಬಿಟ್ಟರೆ ಒಬ್ಬರ ಮನೆಯ ಅನ್ನ ಇನ್ನೊಬ್ಬರು ಉಂಡಿರದ ಜನ ನಾವು.

ನಮ್ಮ ಬೀದಿಗೆಲ್ಲ ಹಿರಿಯಳಾದ ಎಪ್ಪತ್ತೊಂಬತ್ತರ ಚಿನ್ ಅಜ್ಜಿಯ ಪಾಲಿಗೆ ಬಂದವನು ಕಲ್ಲಂಗಡಿ ಬೆಳೆಯುವ ಹ್ಯಾಲೊರನ್. ಅಜ್ಜಿ ಮೂಗು ಮುರಿದಳು.

“ಅವನಾ? ಇಬ್ಬರು ಹೆಂಡಿರು ಬಿಟ್ಟು ಹೋಗಿದ್ದಾರಲ್ಲೇ. ಅವನ ಅದೃಷ್ಟ ತಗೊಂಡು ನಾನೇನು ಮಾಡ್ಲಿ?”

“ಇಬ್ಬರು ಬಿಟ್ಟು ಹೋದ್ಮೇಲೂ ನಗ್ತಾ ಓಡಾಡ್ತಾನಲ್ಲ ಅಜ್ಜಿ. ಇನ್ನೇನು ಅದೃಷ್ಟ ಬೇಕು?”

ಅಜ್ಜಿ ಒಪ್ಪಿದಳು. ಆದರೆ ತೊಟ್ಟಿಯ ವಿಷಯಕ್ಕೆ ಜಗ್ಗಲಿಲ್ಲ. ಟೆಟ್‌ನ ದಿನ ನಾವು ಮನೆ ಗುಡಿಸುವುದಿಲ್ಲ, ನೀರು ಚೆಲ್ಲುವುದಿಲ್ಲ. ಬಂದ ಭಾಗ್ಯ ತೊಳೆದು ಹೋಗುತ್ತದೆ. ಮೊದಲ ಅತಿಥಿಯ ಕಾಲನ್ನೇ ತೊಳೆಸುವುದು ಎಂದರೆ! ಇಲ್ಲಿಗೆ ಬಂದು ಯೆನ್ ಸೋತಿದ್ದರೆ ನಿಮ್ಮ ಹದಿನಾಲ್ಕನೇ ಪುಟ ನಿಜವಾಗುತ್ತಿತ್ತು. ಅವಳು ಸೋಲಲಿಲ್ಲ. ಮೂರು ಸಂಜೆ ಅಜ್ಜಿಯ ಜಗಲಿಯಲ್ಲಿ ಕೂತು, ಹಬ್ಬಕ್ಕೆಂದು ಅಂಟಕ್ಕಿಯನ್ನು ಬಾಳೆಎಲೆಯಲ್ಲಿ ಸುತ್ತುತ್ತಾ ಮಾತಾಡಿದಳು.

“ಅಜ್ಜಿ, ತೊಟ್ಟಿ ಗೇಟಿನ ಹೊರಗಿದ್ರೆ?”

“ಹೊರಗೇನು, ಒಳಗೇನು?”

“ಹೊರಗೆ ತೊಳೆದ ಕೊಳೆ ಹೋದ ವರ್ಷದ್ದು. ಒಳಗಿಟ್ಟ ಹೆಜ್ಜೆ ಮಾತ್ರ ಈ ವರ್ಷದ್ದು.”

ಅಜ್ಜಿ ಎಲೆಗೆ ದಾರ ಬಿಗಿದಳಂತೆ. ಆಮೇಲೆ, “ನಿನ್ನ ಅಮ್ಮನೂ ಹೀಗೇ ವಾದ ಮಾಡೋಳು,” ಎಂದು ತಾನೇ ಎದ್ದು ಹೋಗಿ ತೊಟ್ಟಿಗೆ ಕೆಂಪು ಕಾಗದ ಅಂಟಿಸಿದಳು. ಒಂಬತ್ತು ಗೇಟಿನ ಹೊರಗೂ ಒಂಬತ್ತು ಕೆಂಪು ತೊಟ್ಟಿ. ಶಾಸ್ತ್ರವೂ ಉಳಿಯಿತು, ಎಲೆಯೂ ಉಳಿಯುವುದಿತ್ತು. ಎರಡು ಸಮುದಾಯಗಳ ನಡುವಿನ ಬಾಂಧವ್ಯ ಎಂದು ನಿಮ್ಮ ಕರಪತ್ರ ಹೇಳುವುದು ಇದನ್ನೇ ಅಲ್ಲವೇ? ಕ್ಷಮಿಸಿ, ಇದರ ಫೋಟೋ ಇಲ್ಲ. ಹಾಗಾಗಿ ಇದು ನಡೆದಿಲ್ಲ.

ಈಗ ನಿಮ್ಮ ಪ್ರವೇಶ. ಟೆಟ್‌ನ ಬೆಳಗ್ಗೆ ಆರೂವರೆ. ರಾತ್ರಿಯಿಡೀ ಮಳೆ ಸುರಿದು ನಿಂತಿತ್ತು, ಮಣ್ಣು ಹಿಟ್ಟಿನಂತೆ ಅಂಟುತ್ತಿತ್ತು. ಬಿಳಿ ವ್ಯಾನಿನಿಂದ ಇಳಿದಿರಿ, ಹಿಂದೆ ಛಾಯಾಗ್ರಾಹಕ. ಒಂಬತ್ತು ಜನ ಒಂಬತ್ತು ಕಡೆ ಹೋದರೆ ಒಂದು ಕತೆಯಾಗುವುದಿಲ್ಲ ಎಂದಿರಿ. ಹ್ಯಾಲೊರನ್‌ನ ಗಡ್ಡ, ಟೊಪ್ಪಿ ನಿಮಗೆ ಹಿಡಿಸಿತು. ಅವನೊಬ್ಬನೇ ಒಂಬತ್ತೂ ಮನೆಗೆ ಮೊದಲ ಅತಿಥಿಯಾಗಲಿ, ಉಳಿದವರು ಹಿಂದೆ ನಡೆಯಲಿ. ಹೆಸರು ‘ಸ್ನೇಹದ ನಡಿಗೆ’. ಒಬ್ಬನೇ ಒಂಬತ್ತು ಮನೆಗೆ ಮೊದಲಿಗನಾಗುವುದನ್ನು ನಮ್ಮ ಜನ ತಮ್ಮ ಜನ್ಮದಲ್ಲಿ ಕೇಳಿಲ್ಲ. ಯೆನ್ ಕೇಳಿಸಿಕೊಂಡಿದ್ದರೆ ತಡೆಯುತ್ತಿದ್ದಳು. ಆದರೆ ಬ್ಯಾನರು ಕಟ್ಟಿಸಲೆಂದು ಅವಳನ್ನು ಆಗಲೇ ಒಂಬತ್ತನೇ ಗೇಟಿಗೆ ಕಳಿಸಿಬಿಟ್ಟಿದ್ದಿರಿ.

ಮೊದಲ ಗೇಟು ಚಿನ್ ಅಜ್ಜಿಯದು. ಛಾಯಾಗ್ರಾಹಕ ಕ್ಯಾಮೆರಾ ಇಳಿಸಿ, ಆ ತೊಟ್ಟಿ ಆಸ್ಪತ್ರೆಯ ಹಾಗೆ ಕಾಣುತ್ತದೆ ಎಂದ. ನೀವು ನನ್ನ ಕಡೆ ತಿರುಗಿದಿರಿ. “ಐದೇ ನಿಮಿಷ ತೆಗೆದಿಡ್ತೀರಾ? ನೀವು ರಂಗದವರು. ದೃಶ್ಯ ಹೇಗಿರಬೇಕು ಅಂತ ನಿಮಗೆ ಹೇಳಿಕೊಡ್ಬೇಕಾ?” ನನಗೆ ಬರುವುದು ಹರಕು ಇಂಗ್ಲಿಷ್. ಆದರೆ ಹೊಗಳಿಕೆ ಅರ್ಥವಾಗಲು ಅಷ್ಟೂ ಬೇಕಾಗಿಲ್ಲ. ನಲವತ್ತು ವರ್ಷದ ಮೇಲೆ ಒಬ್ಬರು ನನ್ನನ್ನು ರಂಗದವನೆಂದರು! ಎದೆಯುಬ್ಬಿಸಿ ತೊಟ್ಟಿಯನ್ನೆತ್ತಿ ವ್ಯಾನಿನ ಹಿಂದೆ ಇಟ್ಟೆ. ಐದು ನಿಮಿಷ ಮುಗಿಯಿತು. ನೀವು ಮುಂದೆ ನಡೆದಿರಿ. ಎರಡನೇ ಗೇಟಿನ ತೊಟ್ಟಿಯನ್ನು ನೀವು ಹೇಳುವ ಮೊದಲೇ ಎತ್ತಿದೆ. ಮೂರು, ನಾಲ್ಕು, ಎಂಟು. ಹ್ಯಾಲೊರನ್‌ನ ಅದೇ ಬೂಟು, ಪ್ರತಿ ಗೇಟಿನಲ್ಲೂ ಇನ್ನಷ್ಟು ಮಣ್ಣು ಹೊತ್ತು, ಮುಂದಿನ ತೋಟದ ಬಳ್ಳಿಚಪ್ಪರದ ಕೆಳಗೆ ನಡೆಯಿತು. ಒಂಬತ್ತನೆಯದು ನನ್ನದೇ ತೋಟ. ಅಲ್ಲಿ ಬ್ಯಾನರಿನ ಹಗ್ಗ ಹಿಡಿದು ನಿಂತಿದ್ದ ಯೆನ್‌ಳ ಕಣ್ಣೆದುರೇ ನನ್ನ ತೊಟ್ಟಿಯನ್ನು ನಾನೇ ಎತ್ತಿದೆ.

ಅವಳು ಹಗ್ಗ ಬಿಟ್ಟು ಓಡಿಬಂದಳು. ಬಾಯಿ ತೆರೆದಳು. ಜೊತೆಗೆ ನಡೆದು ಬಂದಿದ್ದ ಚಿನ್ ಅಜ್ಜಿ ಅವಳ ಮಣಿಕಟ್ಟು ಹಿಡಿದಳು.

“ಬೇಡ ಕೂಸೇ. ಇವತ್ತು ಬೇಡ.”

“ಅಜ್ಜಿ, ಎಂಟು ತೋಟದ ಮಣ್ಣು...”

“ನೋಡಿದೆ. ನನ್ನ ಗೇಟಲ್ಲೇ ನೋಡಿದೆ. ಮೊದಲ ದಿನ ದನಿ ಎತ್ತಿದ್ರೆ ವರ್ಷವಿಡೀ ಜಗಳ. ನಗು.”

ಅವಳು ನಕ್ಕಳು. ಎಲ್ಲರೂ ನಕ್ಕೆವು. ತೊಟ್ಟಿ ಹೋದದ್ದನ್ನು ಒಂಬತ್ತೂ ಮನೆಯವರು ಕಂಡಿದ್ದರು. ಹಬ್ಬದ ಬೆಳಗ್ಗೆ ಅತಿಥಿಯ ಮುಂದೆ ‘ಬೇಡ’ ಎನ್ನುವ ನಾಲಿಗೆ ನಮಗೆ ಯಾರಿಗೂ ಇರಲಿಲ್ಲ. ಇದು ನಮ್ಮ ತಪ್ಪು. ಪೂರ್ತಿ ನಮ್ಮದೇ, ಬೇರೆ ಯಾವ ಜನವೂ ಮಾಡದಂಥ ತಪ್ಪು, ತಲೆ ಬಾಗಿಸಿ ಒಪ್ಪುತ್ತೇನೆ. ಆದರೆ ನಿಮ್ಮ ವರದಿ ಏನನ್ನುತ್ತದೆ? ‘ಸಮುದಾಯದ ಸದಸ್ಯರಿಂದ ಯಾವುದೇ ಆಕ್ಷೇಪ ವ್ಯಕ್ತವಾಗಲಿಲ್ಲ, ಎಲ್ಲರೂ ಸಂತೋಷದಿಂದಿದ್ದರು.’ ಭಲೇ! ನಮ್ಮ ನಗುವನ್ನು ಸಾಕ್ಷಿಯಾಗಿ ಬರೆದುಕೊಂಡಿರಿ. ಏಷ್ಯಾದೊಂದಿಗೆ ಬಾಂಧವ್ಯ ಬೆಸೆಯುವ ಕಚೇರಿಗೆ, ಏಷ್ಯಾದವರು ಯಾವಾಗ ಸಂತೋಷಕ್ಕೆ ನಗುತ್ತಾರೆ, ಯಾವಾಗ ಹಲ್ಲು ಕಚ್ಚಿ ನಗುತ್ತಾರೆ ಎಂದು ಇಷ್ಟು ವರ್ಷಗಳಲ್ಲಿ ಯಾರೂ ಹೇಳಿಕೊಡಲಿಲ್ಲವೇ?

ಆರನೇ ವಾರ ಎಲೆಗಳ ಮೇಲೆ ತಿಳಿಹಸಿರು ಮಚ್ಚೆ ಬಂತು. ಯಾರ ತೋಟದಲ್ಲಿ ಹುಟ್ಟಿತೋ ಗೊತ್ತಿಲ್ಲ. ಗಾಳಿಗೆ, ಬೀಜಕ್ಕೆ ಯಾರು ಹೊಣೆ? ತೊಟ್ಟಿಗಳಿದ್ದಿದ್ದರೆ ಹುಟ್ಟಿದ್ದು ಅಲ್ಲೇ ಸಾಯುತ್ತಿತ್ತು. ಒಂಬತ್ತು ಗೇಟು ದಾಟಿದ್ದು ಮಾತ್ರ ಆ ಬೆಳಗ್ಗೆ. ಕೃಷಿ ಇಲಾಖೆಯವರ ಯಂತ್ರಗಳು ಬಂದವು. ಹಾಗಲ, ಸೌತೆ, ಸೋರೆ, ಕುಂಬಳ ಎಲ್ಲವನ್ನೂ ಕಿತ್ತು, ಗುಂಡಿಯಲ್ಲಿ ಹೂತು, ಎರಡು ವರ್ಷ ಆ ಕುಲದ ಒಂದು ಬೀಜವನ್ನೂ ಬಿತ್ತಬಾರದೆಂದು ಗೇಟಿಗೆ ಫಲಕ ಹೊಡೆದರು. ಬೇಲಿಯಾಚೆ ಹ್ಯಾಲೊರನ್‌ನ ಕಲ್ಲಂಗಡಿಯೂ ಅದೇ ಗುಂಡಿಗೆ ಹೋಯಿತು. ಅಂದು ಅವನು ನನ್ನ ಪಕ್ಕ ಬಂದು ನಿಂತ.

“ನನ್ನ ಬೂಟು ಗುರೂ.”

“ಯಾರ ಬೂಟು ಅಂತ ಯಾರಿಗೆ ಗೊತ್ತು, ಬಿಡಪ್ಪ.”

“ನಂಗೊತ್ತು. ಆ ಮುದುಕಿ ಮನೇಲಿ ಎರಡು ತಟ್ಟೆ ತಿಂದೆ. ‘ನಿನ್ನಿಂದ ಈ ವರ್ಷ ಚೆನ್ನಾಗಿರುತ್ತೆ’ ಅಂದ್ಳು ಅಂತ ನೀನೇ ಹೇಳಿದ್ದೆ.”

ಚಿನ್ ಅಜ್ಜಿ ಈಗ ಬರಿಯ ಕಂಬಗಳ ನಡುವೆ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಎರಡು ವರ್ಷ ಎಂದರೆ ಅವಳಿಗೆ ಎಂಬತ್ತೊಂದು. ಆಗ ಬಿತ್ತುತ್ತೀಯಾ ಅಜ್ಜಿ ಎಂದು ಕೇಳುವ ಧೈರ್ಯ ನಮಗಾರಿಗೂ ಇಲ್ಲ.

ಕೊನೆಯದಾಗಿ ನಿಮ್ಮ ವಿಚಾರಣೆಯ ದೃಶ್ಯ. ನಿಮ್ಮ ಇಬ್ಬರು ಅಧಿಕಾರಿಗಳು ಬಂದರು. ಅವರಿಗೆ ನಮ್ಮ ಭಾಷೆ ಬರದು, ಅಜ್ಜಿಗೆ ಅವರದು ಬರದು. ದುಭಾಷಿ ಎಲ್ಲಿ? ಈ ರಸ್ತೆಗೆಲ್ಲ ಇರುವವಳು ಯೆನ್ ಒಬ್ಬಳೇ. ಅವಳನ್ನೇ ಕೂರಿಸಿದಿರಿ! ನಾನು ಬಾಗಿಲಲ್ಲಿ ನಿಂತಿದ್ದೆ.

“ಆ ದಿನದ ಏರ್ಪಾಡು ಯಾರದು ಅಂತ ಕೇಳ್ತಿದ್ದಾರೆ ಅಜ್ಜಿ.”

ಅಜ್ಜಿಯ ಮುಖ ಅರಳಿತು. ತನ್ನ ಹುಡುಗಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಲು ಅವಕಾಶ ಸಿಕ್ಕಿತೆಂದುಕೊಂಡಳು. “ನಮ್ಮ ಯೆನ್‌ದು! ಎಲ್ಲಾ ಅವಳದೇ! ಅವಳು ಹೇಳದೆ ಈ ಬೀದೀಲಿ ಒಂದು ಕಡ್ಡೀನೂ ಅಲ್ಲಾಡಲ್ಲ ಅಂತ ಬರ್ಕೊಳ್ಳಿ ಅನ್ನು!”

ಯೆನ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಒಂದು ಮಾತು ಕೂಡಿಸಲಿಲ್ಲ, ಒಂದು ಕಳೆಯಲಿಲ್ಲ. ಅಧಿಕಾರಿ ಬರೆದುಕೊಂಡ. ಹೊರಗೆ ಬಂದಾಗ ಹಿಡಿದು ಕೇಳಿದೆ.

“ಹುಚ್ಚಿ, ತೊಟ್ಟಿ ನಾನೆತ್ತಿದ್ದು ಅಂತ ಹೇಳಬಾರದಿತ್ತೇನೇ?”

“ನಾನು ಅಲ್ಲಿ ದುಭಾಷಿ ಚಿಕ್ಕಪ್ಪ. ನಂದೂ ಸೇರಿಸಿದ್ರೆ ಅಜ್ಜಿ ಮಾತಿಗೆ ಬೆಲೆ ಇರಲ್ಲ.”

“ಹಾಗಾದ್ರೆ ನಾನೇ ಹೇಳ್ತೀನಿ.”

“ಹೇಳಿದ್ರೆ ನಿಯಮ ಮುರಿದವರು ಅಂತ ನಿಮ್ಮ ಬಿತ್ತನೆ ಪರವಾನಗಿ ಎರಡು ವರ್ಷ ಆದ್ಮೇಲೂ ಬರಲ್ಲ. ನಂಗಿನ್ನೂ ವಯಸ್ಸಿದೆ, ಬಿಡಿ.”

ಮಾನ್ಯರೇ, ನಿಮ್ಮ ಯೋಜನೆ ಹುಡುಕುತ್ತಿದ್ದ ನಾಯಕತ್ವ ಇದೇ ಆಗಿದ್ದರೆ, ಅದು ನಿಮಗೆ ಸಿಕ್ಕಿತ್ತು. ಅದನ್ನೇ ನೀವು ಗುಂಡಿಯ ಬಾಯಲ್ಲಿ ನಿಲ್ಲಿಸಿದ್ದೀರಿ. ಮೊನ್ನೆಯ ವಾರ್ಷಿಕ ಪುಸ್ತಿಕೆಯ ಮುಖಪುಟದಲ್ಲಿ ಚಿನ್ ಅಜ್ಜಿಯ ಗೇಟು, ಹ್ಯಾಲೊರನ್‌ನ ಗಡ್ಡ, ನಿಮ್ಮ ನಗು. ಯೆನ್ ಎಲ್ಲೂ ಇಲ್ಲ. ಅವಳ ಹೆಸರಿಗೆ ಹದಿನಾಲ್ಕನೇ ಪುಟವೊಂದೇ ಸಾಕೆನಿಸಿತೇ?

ನನ್ನ ಬೇಡಿಕೆ ಇದು. ಆ ಸುಳ್ಳು ವಾಕ್ಯವನ್ನು ಹೊಡೆದುಹಾಕಿ. ಆ ಜಾಗದಲ್ಲಿ, ತೊಟ್ಟಿಗಳನ್ನು ಇಡಿಸಿದವಳು ಯೆನ್, ಎತ್ತಿದವನು ಕ್ವಾಕ್ ವಾನ್ ದಾನ್, ಎತ್ತಿಸಿದವರು ನಿರ್ದೇಶಕರು ಎಂದು ಬರೆಯಿರಿ. ನಿಮ್ಮ ಛಾಯಾಗ್ರಾಹಕ ಕ್ಯಾಮೆರಾ ಇಳಿಸುವ ಮೊದಲು ತೆಗೆದ ಚಿತ್ರಗಳಲ್ಲಿ ಕೆಂಪು ಕಾಗದದ ತೊಟ್ಟಿ ಇದ್ದೇ ಇದೆ. ಅವನ್ನು ವರದಿಗೆ ಲಗತ್ತಿಸಿ. ನನ್ನ ಪರವಾನಗಿಯನ್ನು ಏನು ಬೇಕಾದರೂ ಮಾಡಿಕೊಳ್ಳಿ. ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಹ್ಯಾಲೊರನ್, ಚಿನ್ ಅಜ್ಜಿ ಮತ್ತು ನಾನು ಹೇಳಿಕೆ ಕೊಡಲು ನಿಮ್ಮ ಕಚೇರಿಗೆ ಬರುತ್ತೇವೆ. ಯೆನ್ ಕೂಡ ಬರುತ್ತಾಳೆ.

ಅಷ್ಟರೊಳಗೆ ಬೇರೊಬ್ಬ ದುಭಾಷಿಯನ್ನು ಹುಡುಕಿಡಿ, ಎಷ್ಟು ದೂರದಿಂದಲಾದರೂ ಕರೆಸಿ. ಅವಳ ಮೇಲಿನ ಆರೋಪವನ್ನು ಅವಳ ಬಾಯಿಂದಲೇ ಹೇಳಿಸಿದಿರಿ. ಅದು ಸುಳ್ಳೆಂದು ನಾವು ಹೇಳುವಾಗ ಅವಳು ಬಾಯಿ ಮುಚ್ಚಿ, ಕೈಕಟ್ಟಿ, ಸುಮ್ಮನೆ ಕೂತು ಕೇಳಬೇಕು.

ಇಂತಿ,
ಒಂದೇ ಹೊಗಳಿಕೆಗೆ ಒಂಬತ್ತು ತೊಟ್ಟಿ ಎತ್ತಿದ ಮಾಜಿ ಸೇನಾಪತಿ,
ಕ್ವಾಕ್ ವಾನ್ ದಾನ್
(ಸದ್ಯಕ್ಕೆ ಹಾಗಲವಿಲ್ಲದ ಹಾಗಲ ಬೆಳೆಗಾರ)